ನಾಲ್ಕನೆಯ ಮಾತು

ನಮ್ಮೂರಿನಲ್ಲಿ ಜಾಲಿಗೇನೂ ಬರವಿಲ್ಲ. ಕೆರೆಯಂಗಳದಲ್ಲಿ, ಹೊಲದ ಬದುವಿನ ಮೇಲೆ, ಸುಡುಗಾಡಿನ ದಾರಿಯಲ್ಲಿ, ಎಲ್ಲಿ ನೋಡಿದರೂ ಜಾಲಿಯೇ. ಅವುಗಳ ಮುಳ್ಳು ಬೇಲಿಗೆ, ಕಟ್ಟಿಗೆ ಒಲೆಗೆ, ಎಳೆಯ ಕಡ್ಡಿ ಹಲ್ಲುಜ್ಜಲು, ಕಾಯಿ ಆಡಿನ ಬಾಯಿಗೆ. ಆದರೆ ರೋಗಕ್ಕೆ ಆಗಿಬರುವುದು ಒಂದೇ ಮರ, ಸಂತೆಮಾಳದ ಹಿಂದಿನ ಗಟ್ಟಿ ನೆಲದಲ್ಲಿ ನಿಂತಿರುವುದು. ಅದೂ ಒಬ್ಬರಿಗೆ ಒಂದೇ ಸಲ. ಹುಟ್ಟಿನಿಂದ ಸಾಯುವವರೆಗೆ ಒಂದೇ ಸಲ. ವಸಡಿನಲ್ಲಿ ರಕ್ತ ಬಂದರೂ ಅಷ್ಟೇ, ಭೇದಿ ನಿಲ್ಲದಿದ್ದರೂ ಅಷ್ಟೇ, ಕಣ್ಣು ಕೆಂಡವಾದರೂ ಅಷ್ಟೇ. ಒಮ್ಮೆ ಕೊಟ್ಟರೆ ಬೇನೆ ನಾಲ್ಕನೆಯ ದಿನಕ್ಕೆ ಹೋಗಿರುತ್ತದೆ. ಎರಡನೆಯ ಸಲ ಅದೇ ಕಷಾಯ ಕುಡಿದರೆ ಬಾಯಿ ಒಗರಾಗುತ್ತದೆ, ಮತ್ತೇನೂ ಆಗುವುದಿಲ್ಲ. ಇದನ್ನು ನಾವು ಪಾಳಿ ಎನ್ನುತ್ತೇವೆ.

ಆ ಮರದ ಬುಡದಲ್ಲಿ ಕೂತು ಕೇಳುವವನು ನಾನು. ಹೆಸರು ತಿರಕಪ್ಪ, ವಯಸ್ಸು ಅರವತ್ತೇಳು. ಇಪ್ಪತ್ತಾರಕ್ಕೆ ಅಪ್ಪ ಎದ್ದ ಕಲ್ಲಿನ ಮೇಲೆ ಕೂತೆ, ಇನ್ನೂ ಎದ್ದಿಲ್ಲ. ಕೆಲಸ ದೊಡ್ಡದಲ್ಲ. ಬಂದವರು ಎದುರಿನ ಕಲ್ಲಿನ ಮೇಲೆ ಕೂತು ತಮ್ಮ ಬೇನೆ ಹೇಳುತ್ತಾರೆ. ನಾನು 'ಇದಕ್ಕ ಹೌದೇನು?' ಎಂದು, ಅಂದರೆ ಪಾಳಿಯನ್ನು ಈ ಬೇನೆಗೇ ಕಳೆಯುತ್ತೀಯಾ ಎಂದು, ಮೂರು ಸಲ ಕೇಳುತ್ತೇನೆ. ಮೂರು ಸಲವೂ ಹೂಂ ಎಂದರೆ, ತೊಗಟೆಗೆ ಕುಡುಗೋಲಿನ ತುದಿ ತಾಗಿಸಿದ ಕೂಡಲೇ ಅಂಗೈಯಗಲ ಚಕ್ಕೆ ಬಿಟ್ಟುಕೊಂಡು ಬರುತ್ತದೆ. ಒಂದು ಹೂಂ ಕಡಿಮೆಯಾದರೆ ಕೊಡಲಿ ಹಾಕಿದರೂ ಏಳುವುದಿಲ್ಲ. ಚಕ್ಕೆ ಎದ್ದ ಮೇಲಿನದು ನನಗೆ ಕರತಲಾಮಲಕ. ವಸಡಿಗೂ ರಕ್ತಸ್ರಾವಕ್ಕೂ ಚಕ್ಕೆಯ ಕಷಾಯ, ಕಣ್ಣಿಗೆ ಎಳೆಯ ಎಲೆ ಅರೆದು ಕಟ್ಟುವುದು, ಕೆಮ್ಮಿಗೂ ಬಾಣಂತಿಯ ಸೊಂಟಕ್ಕೂ ತುಪ್ಪದಲ್ಲಿ ಹುರಿದ ಅಂಟು.

ಕಷಾಯದ ಹದವನ್ನು ಅಪ್ಪ ವರ್ಷಗಟ್ಟಲೆ ಕಲಿಸಿದ. ಕೇಳುವುದನ್ನು ಮಾತ್ರ ಒಂದೇ ದಿನದಲ್ಲಿ ಕಲಿಸಿ ಮುಗಿಸಿದ. "ಕೇಳೋನ ಬಾಯಾಗ ಮೂರು ಮಾತು ಅಷ್ಟ. ನಾಲ್ಕನೇದು ಬಂತಂದ್ರ ಮರ ಮುನಸ್ಕೋತೈತಿ," ಎಂದಿದ್ದ. ಹೋಗು ಎನ್ನಬಾರದು, ಇರು ಎನ್ನಬಾರದು, ಪಾಪ ಎಂದು ಲೊಚಗುಟ್ಟಲೂಬಾರದು. ದನಿಯನ್ನು ಏರಿಸದೆ ಇಳಿಸದೆ ಕೇಳಬೇಕು. ತಾನಾಗಿ ಯಾರನ್ನೂ ಮರದ ಹತ್ತಿರ ಕರೆಯಬಾರದು. ನಾನು ನಲವತ್ತೊಂದು ವರ್ಷ ಹಾಗೆಯೇ ಕೇಳಿದೆ.

ಮೂರು ಸಲ ಹೂಂ ಎನ್ನುವುದೇನು ಕಷ್ಟ ಎಂದು ಹೊರಗಿನವರಿಗೆ ಅನ್ನಿಸಬಹುದು. ಕೂತು ನೋಡಬೇಕು. ಮೊದಲನೆಯದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ, ನೋವೇ ಅವರಿಂದ ಹಾಗೆ ಅನ್ನಿಸುತ್ತದೆ. ಎರಡನೆಯದಕ್ಕೆ ಒಂದಿಷ್ಟು ತಡವಾಗುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಮುಂದೆ ಇದಕ್ಕಿಂತ ದೊಡ್ಡದು ಬಂದರೆ ಏನು ಗತಿ ಎನ್ನುವ ಯೋಚನೆ ಹೊಕ್ಕಿರುತ್ತದೆ. ಹತ್ತು ಮಂದಿ ಬಂದರೆ ಎಂಟು ಮಂದಿ ಅಲ್ಲಿಗೆ ಎದ್ದು, ಹಿಂದಿನ ಧೂಳು ಕೊಡವಿಕೊಂಡು, ತಮ್ಮ ನೋವನ್ನು ತಾವೇ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಹೋಗುವಾಗ ಅವರ ಮುಖದಲ್ಲಿ ಏನೋ ಗಳಿಸಿದ ಕಳೆ ಬೇರೆ.

ಒಂದೇ ಪಾಳಿ ಎಂದಮೇಲೆ ಜನ ಅದನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎನ್ನುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ನಮ್ಮ ಶಾಲೆಯ ಮಾಸ್ತರರು ಬಲಗಡೆಯ ಹಲ್ಲುನೋವು ತಡೆದುಕೊಂಡು ಹದಿನಾಲ್ಕು ವರ್ಷದಿಂದ ಎಡದವಡೆಯಲ್ಲಿ ಮಾತ್ರ ಅಗಿಯುತ್ತಾರೆ. ಹೆಣ್ಣು ನೋಡಲು ಬಂದವರು ಚಹಾದ ಬಟ್ಟಲು ಕೈಗೆತ್ತಿಕೊಳ್ಳುವ ಮೊದಲೇ ಹುಡುಗಿಯ ಪಾಳಿ ಇದೆಯೋ ಹೋಯಿತೋ ಎಂದು ಕೇಳುತ್ತಾರೆ. ಕೂಸಾಗಿದ್ದಾಗ ಹೆತ್ತವರೇ ಹೂಂ ಅಂದು ಭೇದಿಗೆ ಪಾಳಿ ಕಳೆದವರಿಗೆ ನಾವು ಬರಿಗೈಯವರು ಎನ್ನುತ್ತೇವೆ, ಸ್ವಲ್ಪ ಮೂಗು ಮುರಿದೇ ಎನ್ನುತ್ತೇವೆ. ನನ್ನನ್ನು ಕೇಳಿದರೆ ಊರಿನಲ್ಲಿ ನೆಟ್ಟಗೆ ಬದುಕುತ್ತಿರುವವರು ಅವರೇ. ಮಳೆ ಬಂದರೆ ನೆನೆಯುತ್ತಾರೆ, ಖಾರ ತಿನ್ನುತ್ತಾರೆ, ಮೈಗೆ ಹುಷಾರಿಲ್ಲದಿದ್ದರೆ ಸೋಮವಾರ ಬರುವ ಕಂಪೌಂಡರನ ಮುಂದೆ ನಾಚಿಕೆಯಿಲ್ಲದೆ ಕೈ ಚಾಚಿ ಗುಳಿಗೆ ಇಸಿದುಕೊಳ್ಳುತ್ತಾರೆ. ಮಿಕ್ಕವರು ಬೇನೆ ಇದೆ ಎಂದು ಬಾಯಿ ಬಿಡುವುದೂ ಇಲ್ಲ. ಬಿಟ್ಟರೆ ಹಾಗಾದರೆ ಮರಕ್ಕೆ ಯಾಕೆ ಹೋಗಲಿಲ್ಲ ಎನ್ನುವ ಪ್ರಶ್ನೆ ಬರುತ್ತದೆ.

ಪಾಳಿ ಮುಟ್ಟದೆ ಸತ್ತವರಿಗೆ ನಮ್ಮೂರಿನಲ್ಲಿ ಬಹಳ ಮರ್ಯಾದೆ. ಹೆಣದ ಎದೆಯ ಮೇಲೆ ಹೂವಿರುವ ಜಾಲಿ ರೆಂಬೆಯೊಂದನ್ನು ಇಟ್ಟು ಕಳಿಸುತ್ತೇವೆ. ದಾರಿಯುದ್ದಕ್ಕೂ ಜನ ಅದನ್ನು ನೋಡಿ ಕೈ ಮುಗಿಯುತ್ತಾರೆ. ಪಾಳಿ ಮುಟ್ಟದವರು ಹೆಚ್ಚಾದಷ್ಟೂ ಮರದ ಮೇಲೆ ಗಾಯ ಕಡಿಮೆ, ಗಾಯ ಕಡಿಮೆಯಾದಷ್ಟೂ ಕೇಳುವವನಿಗೆ ಹೆಸರು. ನನ್ನ ಕಾಲದಲ್ಲಿ ಮರ ಚೊಕ್ಕವಾಗಿದೆ ಎಂದು ಹಿರಿಯರು ಹೊಗಳುತ್ತಿದ್ದರು. ಆ ಮಾತು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ನನ್ನ ಹೆಂಡತಿ ಪಾರವ್ವ ಆ ಕಲ್ಲಿನ ಮೇಲೆ ಕೂತದ್ದು ಆರು ವರ್ಷದ ಹಿಂದೆ. ಮೂರು ತಿಂಗಳಿಂದ ಅವಳಿಗೆ ಹೊಟ್ಟೆಯಲ್ಲಿ ನೋವು. ಮನೆಯಲ್ಲಿ ನನ್ನೆದುರು ಒಂದು ದಿನವೂ ನರಳಲಿಲ್ಲ, ಆದರೆ ರೊಟ್ಟಿ ಬಡಿಯುವಾಗ ನಡುನಡುವೆ ಕೈ ನಿಲ್ಲುತ್ತಿತ್ತು. ಅವತ್ತು ಮುಂಜಾನೆ ನನ್ನ ಬುತ್ತಿ ತಂದವಳು ಗಂಟನ್ನು ನನ್ನ ಪಕ್ಕಕ್ಕಿಟ್ಟು, ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು ಎದುರಿನ ಕಲ್ಲಿನ ಮೇಲೆ ಕೂತಳು. ಬೇರೆಯವರು ಹೇಳುವ ಹಾಗೆಯೇ ತನ್ನ ಬೇನೆ ಹೇಳಿದಳು. ನಾನು ಬೇರೆಯವರನ್ನು ಕೇಳುವ ಹಾಗೆಯೇ ಕೇಳಿದೆ. ಮೊದಲನೆಯದಕ್ಕೆ ಹೂಂ ಎಂದಳು. ಎರಡನೆಯದಕ್ಕೂ ಎಂದಳು, ದನಿ ಇಳಿದಿತ್ತು. ಮೂರನೆಯದಕ್ಕೆ ನನ್ನ ಮುಖವನ್ನೇ ನೋಡುತ್ತ ಕೂತಳು. ಅವಳು ಯೋಚಿಸುತ್ತಿದ್ದಾಳೆ ಎಂದುಕೊಂಡೆ. ಈಗ ಗೊತ್ತಾಗುತ್ತದೆ, ಅವಳು ಕಾಯುತ್ತಿದ್ದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

"ಇರ್ಲಿ ಬಿಡ್ರಿ, ಇನ್ನೀಟು ದಿನ ನೋಡೂಣು. ರೊಟ್ಟಿ ಆರ್ತಾವ, ಉಣ್ರಿ," ಎಂದು ಹೋದಳು.

ಇಪ್ಪತ್ತೆರಡು ದಿನಕ್ಕೆ ಸತ್ತಳು. ಎದೆಯ ಮೇಲೆ ಜಾಲಿ ರೆಂಬೆ ಇಟ್ಟರು. ಕೇಳುವವನ ಹೆಂಡತಿಯಾಗಿಯೂ ಪಾಳಿ ಮುಟ್ಟಲಿಲ್ಲ, ಎಂಥ ಗಟ್ಟಿಗಿತ್ತಿ ಎಂದು ಜನ ನನ್ನ ಕೈ ಹಿಡಿದು ಹೇಳಿದರು. ನಾನು ತಲೆಯಾಡಿಸಿದೆ. ನನ್ನ ಮಗಳು ಕಸ್ತೂರಿ ಮಾತ್ರ ಆ ರೆಂಬೆಯನ್ನು ತೆಗೆದು ಬಿಸಾಡಲು ಹೋದಳು, ಹೆಂಗಸರು ತಡೆದರು. ಅವತ್ತಿನಿಂದ ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಾಳೆ. ಗಂಡನ ಮನೆ ಎರಡು ಓಣಿ ಆಚೆ. ದಿನಾ ನನಗೆ ಬುತ್ತಿ ಬರುತ್ತದೆ, ಯಾರ ಕೈಯಲ್ಲಾದರೂ ಕಳಿಸುತ್ತಾಳೆ. ಅವಳು ಮಾತ್ರ ಮರದ ಕಡೆ ಮುಖ ಹಾಕಿರಲಿಲ್ಲ.

ಕಸ್ತೂರಿಗೆ ಹುಷಾರಿಲ್ಲ ಎನ್ನುವುದನ್ನು ನನಗೆ ಹೇಳಿದವಳು ಹುಸೇನಬಿ. ಇಬ್ಬರೂ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಅಡಿಗೆ ಮಾಡುವವರು. ಅವತ್ತು ಬುತ್ತಿ ತಂದವಳು ಗಂಟನ್ನು ಕೈಯಲ್ಲೇ ಹಿಡಿದು ನಿಂತಳು. ಐದು ತಿಂಗಳಿಂದ ಕಸ್ತೂರಿಗೆ ಮುಟ್ಟು ನಿಲ್ಲುತ್ತಿಲ್ಲವಂತೆ, ನಿಂತರೂ ನಾಲ್ಕು ದಿನ, ಮತ್ತೆ ಶುರುವಂತೆ. ಕಂಪೌಂಡರ್ ಕೊಟ್ಟ ಕೆಂಪು ಗುಳಿಗೆ ನುಂಗಿ ನುಂಗಿ ನಾಲಿಗೆ ಕಪ್ಪಾಗಿದೆಯಂತೆ. ಗಂಡನೂ ಅತ್ತೆಯೂ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಾರಂತೆ.

"ನಿನ್ನಿ ಬ್ಯಾಳಿ ಕೊಪ್ಪರಗಿ ಇಳಸೂವಾಗ ಅಲ್ಲೇ ಗ್ವಾಡಿಗೆ ಆತು ಕುಂತ್ಲು ಕಾಕಾ. ಮುಖ ಸುಣ್ಣ ಆಗಿತ್ತು," ಎಂದಳು ಹುಸೇನಬಿ. "ಮರಕ್ಕ ಹೋಗಂದ್ರ, ಅಲ್ಲಿ ಕುಂತವರು ನಮ್ಮಪ್ಪ ಅಲ್ಲ, ಕೇಳಾಂವ ಅಂತಾಳ."

ಆ ಮಾತು ನನ್ನನ್ನು ಅಲ್ಲಾಡಿಸಿಬಿಟ್ಟಿತು. ಗಂಟು ಬಿಚ್ಚಿ, ಹಾಗೆಯೇ ಮತ್ತೆ ಕಟ್ಟಿಟ್ಟೆ. ಎದ್ದು ಹೋಗಿ ಮಗಳ ಕೈ ಹಿಡಿದು ಕರೆದುಕೊಂಡು ಬರಬೇಕು ಎನ್ನಿಸಿತು. ಕೇಳುವವನು ಯಾರನ್ನೂ ಕರೆಯಬಾರದು, ಕರೆದು, ಆಮೇಲೆ ಚಕ್ಕೆ ಏಳದಿದ್ದರೆ ಏನು ಮಾಡಲಿ ಎನ್ನುವ ಹೆದರಿಕೆ. ಕರೆಯದಿದ್ದರೆ ಅವಳು ಬರುವುದಿಲ್ಲ. ಬಂದರೂ ನಾನು ಮೂರು ಸಲ ಕೇಳಲೇಬೇಕು. ಅವಳು ತಾಯಿಯ ಮಗಳು, ಮೂರನೆಯದಕ್ಕೆ ಎದ್ದು ಹೋದರೆ ಅಲ್ಲಿಗೆ ಮುಗಿಯಿತು. ಹನ್ನೊಂದು ದಿನ ಇದೇ ಲೆಕ್ಕಾಚಾರದಲ್ಲಿ ಕಳೆದೆ. ಬಂದವರನ್ನು ಕೇಳುತ್ತಲೇ ಇದ್ದೆ, ಅವರು ಎದ್ದು ಹೋಗುತ್ತಲೇ ಇದ್ದರು. ನನಗೆ ಯಾರ ಮುಖವೂ ನೆನಪಿಲ್ಲ. ನನ್ನ ದನಿ ನನಗೇ ಬೇಸರ ತರಿಸುತ್ತಿತ್ತು.

ಹನ್ನೆರಡನೆಯ ದಿನ ಅವಳೇ ಬಂದಳು. ಹುಸೇನಬಿ ರಟ್ಟೆ ಹಿಡಿದುಕೊಂಡಿದ್ದಳು. ನನ್ನ ಎದುರು ಇಬ್ಬರು ಕಾಯುತ್ತಿದ್ದರು, ಅವರ ಹಿಂದೆ ಕಸ್ತೂರಿ ಬೇರಿನ ಮೇಲೆ ಕೂತಳು. ಮೂವತ್ತೆಂಟರ ಹೆಂಗಸು, ಐವತ್ತರವಳಂತೆ ಕಾಣುತ್ತಿದ್ದಳು. ಉಗುರುಗಳಲ್ಲಿ ಬಣ್ಣವೇ ಇರಲಿಲ್ಲ. ಅವಳನ್ನು ಮುಂದೆ ಕರೆಯುವಂತಿಲ್ಲ, ಬಂದ ಸರದಿಯಲ್ಲೇ ಕೇಳಬೇಕು. ಅವಳೂ ನನ್ನತ್ತ ನೋಡದೆ ಕೆಳಗೆ ಉದುರಿದ್ದ ಹಳದಿ ಹೂಗಳನ್ನು ನೋಡುತ್ತ ಕೂತಿದ್ದಳು.

ಮೊದಲು ಕೂತವಳು ಗಾಣಿಗರ ಓಣಿಯ ನಾಗವ್ವ. ಕಣ್ಣೆರಡೂ ಕೀವು ಕಟ್ಟಿ ಮುಚ್ಚಿಹೋಗಿದ್ದವು, ದಾರಿ ಕಾಣದೆ ಗೋಡೆ ತಡವುತ್ತ ಬಂದಿದ್ದಳು. ಕೇಳಿದೆ. ಹೂಂ, ಹೂಂ. ಮೂರನೆಯದಕ್ಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕಣ್ಣಲ್ಲವೇ, ಹೊಟ್ಟೆಯದೇನಾದರೂ ಬಂದರೆ ಮಾಡುವುದೇನು, ಇವು ತಾವಾಗಿ ತೆರೆಯುತ್ತವೆ ಎಂದು ಎದ್ದಳು. ಎರಡನೆಯವನು ಕಂಬಳಿ ನೇಯುವ ಬೀರಣ್ಣ. ಅವನದು ಮೈತುರಿಕೆ, ಇಪ್ಪತ್ತು ವರ್ಷದ್ದು. ಅವನು ವರ್ಷಕ್ಕೊಮ್ಮೆ ಬಂದು, ಎರಡು ಸಲ ಹೂಂ ಎಂದು, ಮೂರನೆಯದಕ್ಕೆ ಎದ್ದು ಹೋಗುವುದನ್ನು ಒಂದು ವ್ರತವನ್ನಾಗಿಯೇ ಮಾಡಿಕೊಂಡಿದ್ದ. ಅವತ್ತೂ ಎದ್ದ. ಆದರೆ ಮನೆಗೆ ಹೋಗಲಿಲ್ಲ. ಬೆನ್ನು ಕೆರೆದುಕೊಳ್ಳುತ್ತ ಅಲ್ಲೇ ನಿಂತ, ಕೇಳುವವನು ತನ್ನ ಮಗಳನ್ನು ಹೇಗೆ ಕೇಳುತ್ತಾನೆ ನೋಡಬೇಕಿತ್ತಲ್ಲ.

ಈ ಇಬ್ಬರನ್ನೂ ನಾನು ಮಗಳ ಕಣ್ಣೆದುರೇ ಕಲ್ಲಿನಿಂದ ಎಬ್ಬಿಸಿದ್ದೆ. ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ನನ್ನ ಕೆಲಸದ ಬಗ್ಗೆ ಹೇಸಿಗೆಯಾಯಿತು.

ಕಸ್ತೂರಿ ಎದ್ದು ಬಂದು ಕಲ್ಲಿನ ಮೇಲೆ ಕೂತಳು. ಅಪ್ಪನ ಮುಂದೆ ಹೇಳುವ ಬೇನೆಯಲ್ಲ ಅದು, ಆದರೂ ತಲೆ ತಗ್ಗಿಸದೆ ಹೇಳಿದಳು. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಬಟ್ಟೆ, ನಿಂತರೆ ತಲೆ ತಿರುಗುವುದು, ರಾತ್ರಿ ಎದೆ ಹೊಡೆದುಕೊಳ್ಳುವುದು. ಹೇಳಿ ಮುಗಿಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಇದಕ್ಕ ಹೌದೇನು?" ಎಂದೆ.

ಹೂಂ ಎಂದಳು.

ಎರಡನೆಯ ಸಲ ಕೇಳಿದೆ. ಹೂಂ ಎಂದಳು, ತಡವಾಗಿ. ಹುಸೇನಬಿ ಅವಳ ಭುಜದ ಮೇಲೆ ಕೈಯಿಟ್ಟಿದ್ದಳು. ಮೂರನೆಯದನ್ನು ಕೇಳದೆ ಬಿಟ್ಟುಬಿಡಲೇ ಎಂದುಕೊಂಡೆ, ಬಿಟ್ಟರೆ ಚಕ್ಕೆ ಏಳುವುದಿಲ್ಲ. ಹಾಗಾಗಿ ಕೇಳಿದೆ. ಏರಿಸದೆ, ಇಳಿಸದೆ, ಅಪ್ಪ ಕಲಿಸಿದ ಹಾಗೆಯೇ ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಪಾರವ್ವ ನೋಡಿದ್ದ ಹಾಗೆಯೇ ನೋಡಿದಳು. ಆಗ ನನಗೆ ತಿಳಿಯಿತು. ಈ ನೋಟದಲ್ಲಿ ಮುಂದಿನ ರೋಗದ ಯೋಚನೆ ಇಲ್ಲ, ಉಳಿತಾಯದ ಆಸೆ ಇಲ್ಲ. ನಾನು ಬದುಕುವುದು ನಿನಗೆ ಬೇಕೋ ಬೇಡವೋ, ಅಷ್ಟು ಹೇಳು ಎನ್ನುತ್ತಿದ್ದಳು. ಬಾಯಿ ಬಿಟ್ಟು ಕೇಳುವ ಹೆಂಗಸರಲ್ಲ ನನ್ನ ಮನೆಯವರು. ನಾನು ಕಲ್ಲಿನ ಹಾಗೆ ಕೂತಿದ್ದೆ. ಕಸ್ತೂರಿ ಕೈಯೆರಡನ್ನೂ ಮೊಣಕಾಲಿನ ಮೇಲೆ ಊರಿದಳು, ಏಳುವುದಕ್ಕೆ.

"ಹೂಂ ಅನ್ನು," ಎಂದೆ. ದನಿ ಒಡೆದುಹೋಯಿತು. "ಹೂಂ ಅನ್ನು ನನ್ನವ್ವ. ನೀ ಇರಬೇಕು."

ಬೀರಣ್ಣ ಕೆರೆಯುವುದನ್ನು ನಿಲ್ಲಿಸಿದ. ಹುಸೇನಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಸ್ತೂರಿ ಅರ್ಧ ಎದ್ದವಳು ಹಾಗೆಯೇ ಕೂತಳು. ಆಮೇಲೆ ಹೂಂ ಎಂದಳು.

ಕುಡುಗೋಲು ಹಿಡಿದು ಮರದ ಹತ್ತಿರ ಹೋದೆ. ನಾಲ್ಕು ಮಾತಲ್ಲ, ಅದಕ್ಕಿಂತ ಹೆಚ್ಚೇ ಆಡಿದ್ದೆ. ಮರ ಮುನಿಸಿಕೊಂಡಿದ್ದರೆ ನನ್ನ ಮಗಳ ಪಾಳಿಯೂ ಹೋಯಿತು, ಮಗಳೂ ಹೋದಳು. ಜಾಗ ನೋಡಿ ಕುಡುಗೋಲಿನ ತುದಿ ತಾಗಿಸಿದೆ. ಚಕ್ಕೆ ಬಿಟ್ಟುಕೊಂಡಿತು. ಎಂದಿನ ಹಾಗೆಯೇ, ಅಂಗೈಯಗಲ, ಒಳಗಡೆ ಕೆಂಪಗೆ, ಹಸಿಯಾಗಿ, ಒಂದು ಎಳೆಯೂ ಹರಿಯದೆ ಬಿಟ್ಟುಕೊಂಡು ನನ್ನ ಕೈಗೆ ಬಂತು. ನಾನು ಎಷ್ಟು ಮಾತಾಡಿದೆ ಎನ್ನುವುದು ಮರಕ್ಕೆ ಬೇಕೇ ಇರಲಿಲ್ಲ.

ಮೂರು ಕಲ್ಲು ಹೂಡಿ ಬೆಂಕಿ ಮಾಡಿದೆ. ಚಕ್ಕೆಯನ್ನು ಜಜ್ಜಿ ನಾಲ್ಕು ಪಾವು ನೀರಿಗೆ ಹಾಕಿದೆ, ಅದು ಕುದಿದು ಒಂದು ಪಾವಿಗೆ ಇಳಿಯಬೇಕು. ಅಷ್ಟು ಹೊತ್ತು ಅಪ್ಪ ಮಗಳು ಒಲೆಯ ಆಚೆ ಈಚೆ ಕೂತಿದ್ದೆವು. ಹುಸೇನಬಿ ಶಾಲೆಗೆ ಓಡಿದ್ದಳು, ಮಕ್ಕಳ ಊಟದ ಹೊತ್ತಾಗುತ್ತಿತ್ತು. ನನಗೆ ಒಳಗೆ ಸಂತೋಷವೂ ಆಗುತ್ತಿತ್ತು, ಆ ಸಂತೋಷದ ಕೆಳಗೆ ಇನ್ನೇನೋ ಕುದಿಯುತ್ತಿತ್ತು, ಅದನ್ನು ಮುಟ್ಟಿ ನೋಡಲು ಹೆದರಿ ಉರಿ ಸರಿಮಾಡುತ್ತ ಕೂತಿದ್ದೆ. ಕಷಾಯ ಸೋಸಿ ಬಟ್ಟಲಿಗೆ ಹಾಕಿ ಕೊಟ್ಟೆ. ಅವಳು ಊದಿ ಊದಿ ಕುಡಿದಳು, ಒಗರಿಗೆ ಮುಖ ಕಿವುಚಿದಳು, ಪೂರಾ ಕುಡಿದಳು. ಬಟ್ಟಲನ್ನು ಕೆಳಗಿಟ್ಟಳು.

"ಅವತ್ತು ಅವ್ವಗ ಇಷ್ಟ ಅಂದಿದ್ರ ಆಗ್ತಿರಲಿಲ್ಲೇನು ಅಪ್ಪಾ?" ಎಂದಳು.

ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟಿನಿಂದ ಕೇಳಿದ್ದರೆ ನನಗೆ ಏನಾದರೂ ಹೇಳಲು ಬರುತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಪ್ಪ ಹಾಗೆ ಹೇಳಿದ್ದ, ಅವನ ಅಪ್ಪ ಅವನಿಗೆ ಹಾಗೆ ಹೇಳಿದ್ದ, ಮರ ಮುನಿಸಿಕೊಂಡಿದ್ದರೆ ಏನು ಮಾಡಬೇಕಿತ್ತು, ಇಷ್ಟೂ ನಾಲಿಗೆಯ ತುದಿಗೆ ಬಂತು. ಯಾರಾದರೂ ಒಮ್ಮೆ ನಾಲ್ಕನೆಯ ಮಾತು ಆಡಿ ನೋಡಿದ್ದುಂಟೇ ಎಂದು ಅಪ್ಪನನ್ನು ನಾನು ಕೇಳಿರಲಿಲ್ಲ. ಅಪ್ಪನೂ ಅವನ ಅಪ್ಪನನ್ನು ಕೇಳಿರಲಿಕ್ಕಿಲ್ಲ. ಊರನ್ನೆಲ್ಲ ಮೂರು ಮೂರು ಸಲ ಕೇಳಿದ ಮನೆತನ ನಮ್ಮದು.

"ಆಗ್ತಿತ್ತವ್ವ," ಎಂದೆ.

ಅವಳು ತಲೆಯಾಡಿಸಿದಳು. ಬಟ್ಟಲನ್ನು ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದಳು. ನಾಳೆ ಬುತ್ತಿಗೆ ಜೋಳದ ರೊಟ್ಟಿ ಮಾಡಲೋ ಸಜ್ಜೆಯದೋ ಎಂದು ಕೇಳಿದಳು, ಯಾವುದಾದರೂ ಆಗುತ್ತದೆ ಎಂದೆ. ಮರಕ್ಕೆ ಒಂದು ಕೈಯಾನಿಸಿ ನಿಂತು, ತಲೆ ತಿರುಗುವುದು ನಿಂತ ಮೇಲೆ ಮೆಲ್ಲಗೆ ನಡೆದು ಹೋದಳು. ನಾನು ಅತ್ತೆ. ಅರವತ್ತೇಳರ ಮುದುಕ ಸಂತೆಮಾಳದ ಹಿಂದೆ ಹಾಡುಹಗಲು ಕೂತು ಅತ್ತೆ, ಬೀರಣ್ಣ ನೋಡುತ್ತಿದ್ದಾನೆ ಎನ್ನುವ ಪರಿವೆಯೂ ಇಲ್ಲದೆ.

ಬೀರಣ್ಣ ಹೋಗಿರಲಿಲ್ಲ. ನಾನು ಮುಖ ಒರೆಸಿಕೊಳ್ಳುವವರೆಗೆ ಕಾದು, ಬಂದು ಎದುರಿನ ಕಲ್ಲಿನ ಮೇಲೆ ಕೂತ. ಅಂಗಿ ಎತ್ತಿ ಬೆನ್ನು ತೋರಿಸಿದ. ಕೆರೆದು ಕೆರೆದು ಎಮ್ಮೆಯ ಚರ್ಮವಾಗಿತ್ತು. ಒಂದು ರಾತ್ರಿ ನಿದ್ದೆ ಬಂದರೆ ಸಾಕು ಎಂದ. ಈ ಸಲ ದನಿಯಲ್ಲಿ ವ್ರತ ಇರಲಿಲ್ಲ. ನಾನು ಕೇಳಿದೆ, ಹೂಂ ಎಂದ. ಮತ್ತೆ ಕೇಳಿದೆ, ಹೂಂ ಎಂದ. ಮೂರನೆಯ ಸಲ ಕೇಳಿದೆ. ಅವನು ಬಾಯಿ ತೆರೆದು, ಮುಚ್ಚಿ, ನನ್ನ ಮುಖ ನೋಡಿದ.

"ಹೂಂ ಅನ್ನೋ ಮಾರಾಯ," ಎಂದೆ.